ಎಡಗಾಲಿನ ಒತ್ತೆ

ಬುರ್ಗಾಳನ್ನು ನಾನು ಮೊದಲು ಕಂಡ ದಿನವೇ ಅವಳು ನನ್ನ ಎಡಗಾಲಿನ ಶೂ ಬಿಚ್ಚಿಸಿಕೊಂಡಳು.

೧೯೬೩ನೆಯ ಇಸವಿಯ ಅಕ್ಟೋಬರ್ ತಿಂಗಳು. ಪ್ಲಾನಾಚ್ ಊರಿನ ಶಾಲೆಗೆ ನಾನು ಮೇಷ್ಟ್ರಾಗಿ ಬಂದು ಒಂಬತ್ತು ದಿನವಾಗಿತ್ತು. ಒಂದೇ ಕೋಣೆಯ ಶಾಲೆ, ಇಪ್ಪತ್ತಮೂರು ಮಕ್ಕಳು. ಚಳಿಗಾಲಕ್ಕೆ ಮುಂಚೆ ಒಂದು ದಿನ ಮಕ್ಕಳನ್ನು ಕೋಟೆ ನೋಡಲು ಕರೆದೊಯ್ಯುವುದು ಆ ಶಾಲೆಯ ವಾಡಿಕೆ. ನಮ್ಮ ವಿನ್ಷ್‌ಗೌ ಕಣಿವೆಯಲ್ಲಿ ಕೋಟೆಗಳಿಗೆ ಕೊರತೆಯಿಲ್ಲ. ಒಂದರ ಗೋಪುರದಲ್ಲಿ ನಿಂತರೆ ಇನ್ನೆರಡು ಕಾಣುತ್ತವೆ. ಪ್ಲಾನಾಚಿಗೆ ಹತ್ತಿರದ್ದು ಮಾರ್ಸೆನೆಗ್. ಊರಿನ ಮೇಲ್ಗಡೆ, ಬಿಸಿಲಿಗೆ ಮುಖಮಾಡಿದ ಬೋಳುಬೆಟ್ಟದ ಒಂದು ಬಂಡೆಯ ಮೇಲೆ ಅರ್ಧ ಗೋಪುರ, ಮೂರು ಗೋಡೆ, ಚಾವಣಿಯಿಲ್ಲದ ಒಂದು ಪ್ರಾರ್ಥನಾಮಂದಿರ, ಇಷ್ಟೇ ಉಳಿದಿರುವುದು. ಸುತ್ತಲಿನ ಪೌಳಿಗೋಡೆ ಮಾತ್ರ ಇನ್ನೂ ಗಟ್ಟಿ. ಅದಕ್ಕೊಂದು ದಪ್ಪ ಮರದ ಬಾಗಿಲು, ಬಾಗಿಲಿಗೆ ಬೀಗ. ಬೀಗದ ಕೈ ಇರುತ್ತಿದ್ದುದು ಬಂಡೆಯ ಬುಡದಲ್ಲಿದ್ದ ರೈತರ ಮನೆಯಲ್ಲಿ. ಅದನ್ನು ಊರವರು ಕೋಟೆಮನೆ ಎನ್ನುತ್ತಿದ್ದರು.

ಕೋಟೆಮನೆಯ ಬೇಲಿಯ ಗೂಟಗಳ ಮೇಲೆ ಸಾಲಾಗಿ ಹಳೆಯ ಗಂಬೂಟುಗಳು ತಲೆಕೆಳಗಾಗದೆ ನೆಟ್ಟಗೆ ಕೂತಿದ್ದವು. ಒಂದೊಂದರಲ್ಲೂ ಕೆಂಪು ಜೆರೇನಿಯಂ ಹೂ. ಎಲ್ಲವೂ ಬಲಗಾಲಿನವು. ಅದೇಕೆಂದು ಯೋಚಿಸುತ್ತಲೇ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಒಳಗೆ ಇಪ್ಪತ್ತೇಳರ ಹೆಂಗಸೊಬ್ಬಳು ನೀಲಿ ಏಪ್ರನ್ ಕಟ್ಟಿಕೊಂಡು ಹಲಗೆಯ ಮೇಲೆ ಗಿಣ್ಣು ಹಿಂಡುತ್ತಿದ್ದಳು.

"ಕೋಟೆಯ ಕೀಲಿಕೈ ಬೇಕಿತ್ತು" ಎಂದೆ.

"ಬರೋರೆಲ್ಲ ಅದನ್ನೇ ಕೇಳೋದು. ಒತ್ತೆ ಏನಿಡ್ತೀರಾ?"

"ನಾನು ಶಾಲೆಯ ಹೊಸ ಮೇಷ್ಟ್ರು."

"ಸಂತೋಷ. ಆದ್ರೆ ಅದನ್ನ ಒತ್ತೆ ಇಟ್ಕೊಂಡು ನಾನೇನ್ ಮಾಡ್ಲಿ?"

ಹಿಂದೆ ನಿಂತಿದ್ದ ಇಪ್ಪತ್ತಮೂರು ಮಕ್ಕಳೂ ಕಿಸಕ್ಕೆಂದರು. ಅವರಿಗೆ ಇದೆಲ್ಲ ಗೊತ್ತಿತ್ತು. ನನಗೆ ಹೇಳದೆ ಕರೆತಂದಿದ್ದರು. ನಾನು ಟೋಪಿ ತೆಗೆದು ಮುಂದೆ ಹಿಡಿದೆ. ಅವಳು ಅದನ್ನು ಮುಟ್ಟದೆ ಗೋಡೆಯ ಕಡೆಗೆ ಗದ್ದ ಎತ್ತಿದಳು. ಶಿಲುಬೆಯ ಪಕ್ಕದಲ್ಲಿ ಎರಡು ಮೊಳೆ. ಒಂದರಲ್ಲಿ ಗೇಣುದ್ದದ ಕಬ್ಬಿಣದ ಕೀಲಿಕೈ, ಇನ್ನೊಂದರಲ್ಲಿ ಹೊಗೆ ಹಿಡಿದು ಬಣ್ಣಗೆಟ್ಟ ಗಂಡಸರ ಟೋಪಿ.

"ಟೋಪಿ ಒಂದಿದೆ ಮೇಷ್ಟ್ರೇ, ಇನ್ನೊಂದು ಬೇಡ. ಅದನ್ನ ಇಟ್ಟುಹೋದವನು ವಿಯೆನ್ನಾದವನು. ನಮ್ಮ ತಾತನ ಕಾಲ, ಸಾವಿರದ ಒಂಬೈನೂರ ಏಳು. ಕೀಲಿಕೈ ತಗೊಂಡು ಮೇಲೆ ಹೋದ, ಆ ಕಡೆಯಿಂದ ಇಳಿದ, ಹೊಸದಾಗಿ ಬಂದಿದ್ದ ರೈಲು ಹತ್ತಿ ಹೊರಟೇ ಹೋದ! ಕೀಲಿಕೈ ಜೇಬಲ್ಲಿ. ಅಷ್ಟರಲ್ಲಿ ಸಂತ ಮಾರ್ಟಿನನ ಹಬ್ಬ ಬಂತು, ಕೋಟೆಯ ದೊರೆ ಕೀಲಿಕೈ ನೋಡೋಕೆ ಬಂದ್ರು. ತಾತ ನಡುಗ್ತಾ ಟೋಪಿ ತೋರಿಸ್ದ. ದೊರೆ ಒಂದು ಲೋಟ ವೈನ್ ಕುಡಿದು ಹೋದ್ರು. ಕ್ರಿಸ್ಮಸ್ಸಿಗೆ ಕೀಲಿಕೈ ಅಂಚೇಲಿ ವಾಪಸ್ ಬಂತು. ಟೋಪಿ ಕಳಿಸಿ ಅಂತ ಒಂದು ಸಾಲು ಬರೆದಿರಲಿಲ್ಲ, ನೋಡಿ ಅವನ ಜಂಬ! ಟೋಪಿ ಇಲ್ದೆ ಮನುಷ್ಯ ವಿಯೆನ್ನಾ ತನಕ ಹೋಗ್ತಾನೆ. ಎಡಗಾಲಿನ ಶೂ ಇಲ್ದೆ ಹೋಗ್ಲಿ ನೋಡೋಣ. ಕೂತ್ಕೊಳ್ಳಿ, ಬಿಚ್ಚಿ."

ಬಾಗಿಲ ಹಿಂದೆ ಎಡಗಾಲಿನ ಗಂಬೂಟುಗಳು ಮೂರಿದ್ದವು: ದೊಡ್ಡದು, ನಡುವಿನದು, ಸಣ್ಣದು. ನಡುವಿನದನ್ನು ಅವಳೇ ಆರಿಸಿ ಕೊಟ್ಟಳು. ಹೀಗೆ ಒಂದು ಕಾಲಿಗೆ ಹೊಳೆಯುವ ಶೂ, ಇನ್ನೊಂದಕ್ಕೆ ಮೊಣಕಾಲುದ್ದದ ಗಂಬೂಟು ಹಾಕಿಕೊಂಡು ನಾನು ಮಾರ್ಸೆನೆಗ್ ಕೋಟೆಯನ್ನು ಮೊದಲ ಬಾರಿಗೆ ಪ್ರವೇಶಿಸಿದೆ. ಮಕ್ಕಳು ಅಂದು ಇತಿಹಾಸವೇನನ್ನೂ ಕಲಿಯಲಿಲ್ಲ.

ಇಳಿದು ಬಂದಾಗ ಅವಳು ಶೂವನ್ನು ಕೈಯಲ್ಲಿ ಹಿಡಿದು, ಕೊಡದೆ, ಕೇಳಿದಳು: "ಪಾದ ನೋಡಿದ್ರಾ?"

"ಯಾವ ಪಾದ?"

"ಹೊಳೆ ದಾಟೋ ಸಂತ ಕ್ರಿಸ್ಟೋಫರನ ಚಿತ್ರದ್ದು. ಪ್ರಾರ್ಥನಾಮಂದಿರದ ಬಲಗೋಡೆ ಮೇಲೆ. ಮಳೆಗೆ ಆಳೆಲ್ಲ ಅಳಿಸಿಹೋಗಿದಾನೆ, ಒಂದು ಪಾದ ಉಳಿದಿದೆ. ಹೆಬ್ಬೆರಳ ಹತ್ರ ಒಂದು ಮೀನಿದೆ."

"ಗಮನಿಸಲಿಲ್ಲವಲ್ಲ."

"ಹಾಗಾದ್ರೆ ಹೋಗಿ ನೋಡ್ಕೊಂಡು ಬನ್ನಿ. ಶೂ ಎಲ್ಲೂ ಹೋಗಲ್ಲ."

ನಾನು ಮತ್ತೆ ಹತ್ತಿದೆ. ಪಾದವಿತ್ತು. ಮೀನೂ ಇತ್ತು, ಹೆಬ್ಬೆರಳನ್ನು ಕಚ್ಚುವುದೋ ಬೇಡವೋ ಎಂದು ಆಲೋಚಿಸುತ್ತಿರುವಂತೆ ಬಾಯಿ ತೆರೆದುಕೊಂಡು. ಆರುನೂರು ವರ್ಷಗಳ ಹಿಂದೆ ಯಾರೋ ಒಬ್ಬ ಚಿತ್ರಕಾರ ಅದನ್ನು ನಗುನಗುತ್ತಾ ಬರೆದಿರಬೇಕು. ಆಮೇಲೆ ಮೂವತ್ತೈದು ವರ್ಷ, ವರ್ಷಕ್ಕೊಮ್ಮೆ, ಆ ಮೀನನ್ನು ನಾನು ಮಕ್ಕಳಿಗೆ ತೋರಿಸಿದ್ದೇನೆ. ಬುರ್ಗಾ ಹಿಂದಕ್ಕೆ ಕಳಿಸದಿದ್ದರೆ ನನ್ನ ಕಣ್ಣಿಗೆ ಅದು ಬೀಳುತ್ತಲೇ ಇರಲಿಲ್ಲ.

ಈ ಕೀಲಿಕೈಯ ವಿಷಯವನ್ನು ಸ್ವಲ್ಪ ಹೇಳಬೇಕು. ಕೋಟೆಯ ಒಡೆತನದ ಕುಟುಂಬ ಬಹಳ ಹಿಂದೆಯೇ ಬೆಟ್ಟದಾಚೆಯ ಇನ್ಸ್‌ಬ್ರುಕ್ ಪಟ್ಟಣಕ್ಕೆ ಹೋಗಿ ನೆಲೆಸಿತ್ತು. ಹೋಗುವಾಗ ಕೋಟೆಮನೆಯವರ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದರು. ಪೌಳಿಯೊಳಗಿನ ಹುಲ್ಲುಗಾವಲು ಕೋಟೆಮನೆಯವರ ಉಪಯೋಗಕ್ಕೆ. ಅದಕ್ಕೆ ಬದಲಾಗಿ ಅವರು ಕೀಲಿಕೈಯನ್ನು ಜೋಪಾನ ಮಾಡಬೇಕು, ನೋಡಬಯಸಿ ಬಂದವರಿಗೆ ಕೊಡಬೇಕು, ಏಳು ವರ್ಷಕ್ಕೊಮ್ಮೆ ಸಂತ ಮಾರ್ಟಿನನ ಹಬ್ಬದಂದು ಒಡೆಯರ ಕೈಗೆ ಇಟ್ಟು ತೋರಿಸಬೇಕು. ಕೀಲಿಕೈ ಹೋದರೆ ಹುಲ್ಲುಗಾವಲೂ ಹೋದಂತೆ. ನಮ್ಮ ಬಿಸಿಲುಬೆಟ್ಟದಲ್ಲಿ ಕಲ್ಲು, ಮುಳ್ಳು ಬಿಟ್ಟರೆ ಬೇರೇನೂ ಬೆಳೆಯುವುದಿಲ್ಲ. ಆ ಪೌಳಿಯೊಳಗೆ ಮಾತ್ರ ಒಂದು ಒರತೆಯಿದೆ, ಮೊಣಕಾಲೆತ್ತರ ಹುಲ್ಲು ಬರುತ್ತದೆ. ಬುರ್ಗಾಳ ಎರಡು ಹಸು, ಒಂಬತ್ತು ಆಡುಗಳ ಹೊಟ್ಟೆ ಆ ಹುಲ್ಲಿನಿಂದ. ಅವಳ ಹೊಟ್ಟೆ ಅವುಗಳಿಂದ. ತಂದೆ ತೀರಿಕೊಂಡು, ತಮ್ಮ ಕೆಲಸ ಹುಡುಕಿ ಪಟ್ಟಣ ಸೇರಿದ ಮೇಲೆ ಅವಳು ಒಬ್ಬಳೇ. ಮದುವೆಯ ಮಾತು ಎರಡು ಬಾರಿ ಬಂದಿತ್ತಂತೆ. "ಇಬ್ಬರೂ ಹುಲ್ಲುಗಾವಲು ನೋಡೋಕೆ ಬಂದ್ರು. ಪಾದ ನೋಡಿ ಅಂದೆ, ಒಬ್ಬನೂ ಹೋಗ್ಲಿಲ್ಲ" ಎಂದು ಒಮ್ಮೆ ಅವಳೇ ಹೇಳಿದಳು. ಅದಕ್ಕಿಂತ ಹೆಚ್ಚು ಕೇಳುವುದು ನನಗೆ ಸರಿಯೆನಿಸಲಿಲ್ಲ.

ವರ್ಷಗಳು ಕಳೆದವು. ಬೇಸಿಗೆಯಲ್ಲಿ ದಿನಕ್ಕೆ ಹತ್ತು ಹದಿನೈದು ಗುಂಪು ಕೋಟೆ ನೋಡಲು ಬರತೊಡಗಿದವು. ಗುಂಪು ಎಷ್ಟೇ ದೊಡ್ಡದಿರಲಿ, ಕೀಲಿಕೈ ಪಡೆದವನ ಎಡಗಾಲಿನ ಶೂ ಮೊಳೆಗೇರುತ್ತಿತ್ತು. ವಕೀಲರ ಶೂ, ಬಿಷಪ್ಪರ ಶೂ, ಮದುಮಗಳ ಬಿಳಿ ಶೂ. ಎದುರಿನ ಬೆಟ್ಟದ ಬಸ್ ಚಾಲಕ ಲೂಯಿಸ್ ತನ್ನ ಪ್ರಯಾಣಿಕರ ಫೋಟೋಗಳನ್ನು ನೋಡಿ, "ಒಂದು ಗಂಬೂಟು ಕಂಡ್ರೆ ಸಾಕು, ಮಾರ್ಸೆನೆಗ್ ಅಂತ ಬರೆಯೋದೇ ಬೇಡ" ಎನ್ನುತ್ತಿದ್ದ. ಬುರ್ಗಾ ಯಾರೊಡನೆಯೂ ಮೇಲೆ ಹೋಗುತ್ತಿರಲಿಲ್ಲ, ಯಾರಿಗೂ ಕೋಟೆಯ ಕಥೆ ಹೇಳುತ್ತಿರಲಿಲ್ಲ. ಇಳಿದು ಬಂದವರಿಗೆ ಮಾತ್ರ ಪ್ರಶ್ನೆ ಕೇಳುತ್ತಿದ್ದಳು. ಪಾದ ನೋಡದವರು ಪುನಃ ಹತ್ತಬೇಕು. ಶಾಲೆಯಲ್ಲಿ ನಾನು ಪರೀಕ್ಷೆಗಳನ್ನು ನಡೆಸಿದ್ದೇನೆ. ಇಷ್ಟು ಚೊಕ್ಕವಾದದ್ದನ್ನು ಕಾಣೆ.

೧೯೮೩ನೆಯ ಇಸವಿಯ ಅಕ್ಟೋಬರಿನ ಒಂದು ಭಾನುವಾರ ಬುರ್ಗಾ ಬಲಗಾಲಿಗೆ ಹಬ್ಬದ ಕಪ್ಪು ಶೂ, ಎಡಗಾಲಿಗೆ ಗಂಬೂಟು ಹಾಕಿಕೊಂಡು ಚರ್ಚಿಗೆ ಬಂದಳು. ಮರುವಾರವೂ ಹಾಗೆಯೇ. ಕೇಳಿದವರಿಗೆ, "ಕಾಲಲ್ಲಿ ಆಣಿ ಎದ್ದಿದೆ" ಎಂದಳು. ನಮ್ಮ ಊರಿನಲ್ಲಿ ಯಾವ ನೋವಿಗೂ ಮದ್ದು ಒಂದೇ: ಮಾರ್ಮೊಟ್ ಎಂಬ ಬೆಟ್ಟದ ಬಿಲಪ್ರಾಣಿಯ ಕೊಬ್ಬಿನಿಂದ ಮಾಡಿದ ಮುಲಾಮು. ಪ್ರತಿ ಮನೆಯವರೂ ಅವಳಿಗೆ ಒಂದೊಂದು ಡಬ್ಬಿ ತಂದುಕೊಟ್ಟರು. ಪಾದ್ರಿಗಳು ಎರಡು ಕೊಟ್ಟರು. ಚಳಿಗಾಲ ಕಳೆಯುವಷ್ಟರಲ್ಲಿ ಅವಳ ಕಪಾಟಿನಲ್ಲಿ ಮೂವತ್ತು ಡಬ್ಬಿಗಳಾದವು; ಆಣಿ ಮಾತ್ರ ಹೋಗಲಿಲ್ಲ.

ಅದೇ ಸಮಯದಲ್ಲಿ ಶಾಲೆಯಲ್ಲಿಯೂ ಒಂದು ಘಟನೆ ನಡೆಯಿತು. ಸೌದೆಕೊಟ್ಟಿಗೆಯ ಕೀಲಿಕೈ ಕಾಣೆಯಾಯಿತು. ಹಳೆಯ ಕಾಲದ ದೊಡ್ಡ ಕಬ್ಬಿಣದ ಕೈ. ಚರ್ಚಿನ ನೆಲಮಾಳಿಗೆಯ ಕೈಯೊಂದಿಗೆ ಬೆರೆಯದಿರಲೆಂದು ನಾನೇ ಅರದಿಂದ ಅದಕ್ಕೆ ಮೂರು ಗೀರು ಹಾಕಿದ್ದೆ. ಮಕ್ಕಳ ಕೈವಾಡವೆಂದು ಭಾವಿಸಿ, ತಪ್ಪೊಪ್ಪಿಕೊಳ್ಳಲೆಂದು ಇಡೀ ತರಗತಿಯನ್ನು ಎರಡು ಸಂಜೆ ಕೂರಿಸಿ ಕಾಪಿ ಬರೆಸಿದೆ. ಯಾರೂ ಒಪ್ಪಿಕೊಳ್ಳಲಿಲ್ಲ. ಮೂರನೆಯ ದಿನ ಬುರ್ಗಾ ಗಸಗಸೆ ಹೂರಣ ತುಂಬಿ ಕರಿದ ಕ್ರಾಫನ್‌ಗಳ ಒಂದು ಬುಟ್ಟಿ ಹೊತ್ತು ಬಂದು ಮಕ್ಕಳಿಗೆಲ್ಲ ಹಂಚಿದಳು.

"ಏನು ವಿಶೇಷ, ಬುರ್ಗಾ?" ಎಂದೆ.

"ಏನಿಲ್ಲ. ಎಣ್ಣೆ ಜಾಸ್ತಿ ಆಗಿತ್ತು" ಎಂದು ನನ್ನ ಮುಖ ನೋಡದೆ ಹೊರಟುಹೋದಳು.

ಮುಂದಿನ ವರ್ಷದ ಅಕ್ಟೋಬರಿನಲ್ಲಿ ಎಂದಿನಂತೆ ಮಕ್ಕಳೊಡನೆ ಕೋಟೆಗೆ ಹೋದೆ. ಶೂ ಬಿಚ್ಚಿಕೊಟ್ಟೆ. ಕೀಲಿಕೈ ಕೊಡುವಾಗ ಅವಳೆಂದಳು: "ಬೀಗ ಈಚೆಗೆ ಮೊಂಡು ಮಾಡುತ್ತೆ ಮೇಷ್ಟ್ರೇ. ಕೈ ಹಾಕಿ, ಎಡಕ್ಕೆ ಅಲ್ಲಾಡ್ಸಿ, ಸಂತ ಮಾರ್ಟಿನನ್ನ ನೆನೆದು ಭುಜ ಕೊಟ್ಟು ತಳ್ಳಿ."

ಹತ್ತುತ್ತಾ ಹತ್ತುತ್ತಾ ನನ್ನ ಹೆಬ್ಬೆರಳು ಕಬ್ಬಿಣದ ಮೇಲೆ ತಾನಾಗಿ ಓಡಾಡುತ್ತಿತ್ತು. ಒಂದು ಗೀರು. ಎರಡು. ಮೂರು.

ಬಾಗಿಲ ಬಳಿ ಕೀಲಿಕೈಯನ್ನು ಬೀಗಕ್ಕೆ ಹಾಕಲೇ ಇಲ್ಲ. ಸುಮ್ಮನೆ ತಳ್ಳಿದೆ. ಬಾಗಿಲು ತೆರೆಯಿತು.

ಇಳಿದು ಬಂದು ಮಕ್ಕಳನ್ನು ಅಂಗಳದಲ್ಲಿ ರೊಟ್ಟಿ ತಿನ್ನಲು ಕೂರಿಸಿ, ಅಡುಗೆಮನೆಯ ಬಾಗಿಲು ಹಾಕಿದೆ. ಕೀಲಿಕೈಯನ್ನು ಮೇಜಿನ ಮೇಲೆ ಇಟ್ಟೆ.

"ಬುರ್ಗಾ, ಇದು ನನ್ನ ಸೌದೆಕೊಟ್ಟಿಗೆಯದು."

ಅವಳು ಸುಳ್ಳು ಹೇಳಲಿಲ್ಲ. ಕುರ್ಚಿ ಎಳೆದು ಕೂತಳು. "ಅರ ಹಾಕಿ ತಿಕ್ಕೋಣ ಅಂತಿದ್ದೆ. ಹಾಕಿದ್ರೆ ನಿಮ್ಮ ಗೀರು ಹಾಳಾಗುತ್ತೆ ಅಂತ ಬಿಟ್ಟೆ."

"ಮಕ್ಕಳನ್ನು ಎರಡು ಸಂಜೆ ಕೂರಿಸಿದೆನಲ್ಲ!"

"ಗೊತ್ತು. ಅದಕ್ಕೇ ಕ್ರಾಫನ್ ತಂದಿದ್ದು."

"ಕೋಟೆಯದು ಎಲ್ಲಿ?"

ಅವಳು ಕೈಬೆರಳಿನಿಂದ ಕಿಟಕಿಯಾಚೆ ತೋರಿಸಿದಳು. ಬಂಡೆಯ ಬದಿಯಲ್ಲಿ ಊರ ಹೊಲಗಳಿಗೆ ನೀರು ಒಯ್ಯುವ ಕಾಲುವೆ. ಅದರಲ್ಲೊಂದು ಪುಟ್ಟ ಮರದ ಚಕ್ರ; ನೀರು ಹರಿಯುವಷ್ಟು ಹೊತ್ತೂ ಅದು ತಿರುಗಿ ಒಂದು ಗಂಟೆಯನ್ನು ಬಡಿಯುತ್ತದೆ. ಸದ್ದು ನಿಂತರೆ ನೀರು ಕಟ್ಟಿದೆಯೆಂದು ಅರ್ಥ, ಹತ್ತಿರವಿದ್ದವರು ಓಡಬೇಕು. ಹಿಂದಿನ ಅಕ್ಟೋಬರಿನಲ್ಲಿ ಅವಳು ಪೌಳಿಯ ಬಾಗಿಲು ತೆಗೆದು ಹುಲ್ಲು ಹೊರುತ್ತಿದ್ದಾಗ ಗಂಟೆ ನಿಂತಿತು. ಓಡಿಹೋಗಿ, ಚಕ್ರಕ್ಕೆ ಸಿಕ್ಕಿದ್ದ ಕೊಂಬೆಯನ್ನು ಬಗ್ಗಿ ಎಳೆದಳು. ಚಕ್ರ ತಿರುಗಿತು, ಗಂಟೆ ಬಡಿಯಿತು, ಏಪ್ರನ್ನಿನ ಜೇಬಿನಿಂದ ಕೀಲಿಕೈ ಜಾರಿತು. ಅಲ್ಲಿಂದ ಮುಂದೆ ಕಾಲುವೆ ಕಣಿವೆಯ ಕೊರಕಲಿಗೆ ಧುಮುಕುತ್ತದೆ.

"ನೀರು ನಿಲ್ಲಿಸಿದ ಮೇಲೆ ಹುಡುಕ್ದೆ. ಏಪ್ರಿಲ್‌ನಲ್ಲಿ ಊರವರೆಲ್ಲ ಕಾಲುವೆ ಹೂಳೆತ್ತುವಾಗ ಕೆಳಗಿನ ತುಂಡು ನಂಗೇ ಬಿಡಿ ಅಂದೆ. ಹೂಳನ್ನ ಜರಡಿ ಹಿಡ್ದೆ ಮೇಷ್ಟ್ರೇ. ಮೂರು ಕುದುರೆಲಾಳ ಸಿಕ್ತು, ಒಂದು ಚಮಚ ಸಿಕ್ತು." ಅವಳ ಸ್ವರ ತಗ್ಗಿತು. "ಬರೋ ತಿಂಗಳು ಮಾರ್ಟಿನನ ಹಬ್ಬ. ಏಳು ವರ್ಷ ತುಂಬುತ್ತೆ. ದೊರೆಸಾನಿ ಬರ್ತಾರೆ. ಕೀಲಿಕೈ ಇಲ್ಲ ಅಂದ್ರೆ ಹುಲ್ಲುಗಾವಲಿಲ್ಲ, ಹುಲ್ಲುಗಾವಲಿಲ್ಲ ಅಂದ್ರೆ ಆಡಿಲ್ಲ, ಹಸುವಿಲ್ಲ. ನಾನು ಹೋಗಿ ಮೆರಾನ್ ಪಟ್ಟಣದ ಹೋಟ್ಲಲ್ಲಿ ಹಾಸಿಗೆ ಹಾಸ್ಬೇಕು."

"ನಿಜ ಹೇಳಿಬಿಡಿ ಬುರ್ಗಾ."

"ಆ ಪಾಠ ಮಕ್ಕಳಿಗೆ ಮಾಡಿ. ಇಪ್ಪತ್ತು ವರ್ಷ ಊರೋರಿಗೆಲ್ಲ ಶೂ ಬಿಚ್ಚಿ ಬಿಚ್ಚಿ ಅಂದು, ಕೊನೆಗೆ ಕಳೆದೋಳು ನಾನೇ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಆಗ ನನ್ನ ಕಣ್ಣು ಅವಳ ಗಂಬೂಟಿನ ಮೇಲೆ ಬಿತ್ತು. ಎದ್ದು ಗೋಡೆಯ ಬಳಿ ಹೋದೆ. ವಿಯೆನ್ನಾದವನ ಟೋಪಿಯನ್ನು ಸ್ವಲ್ಪ ಎತ್ತಿ ನೋಡಿದೆ. ಅದರ ಹಿಂದೆ, ಅದೇ ಮೊಳೆಯಲ್ಲಿ, ಹೆಂಗಸರ ಹಬ್ಬದ ಕಪ್ಪು ಶೂ ತೂಗುತ್ತಿತ್ತು. ಎಡಗಾಲಿನದು.

"ಯಾರು ಕೀಲಿಕೈ ತಗೊಂಡ್ರೂ ಶೂ ಇಡ್ಬೇಕು" ಎಂದಳು ಬುರ್ಗಾ, ಎತ್ತಲೋ ನೋಡುತ್ತಾ. "ಆವತ್ತು ನಮ್ಮನೇದೇ ಅಲ್ವಾ ಅಂತ ಇಡದೆ ಹೋದೆ. ಆಮೇಲೆ ಇಟ್ಟೆ. ಕೀಲಿಕೈ ಬರೋ ತನಕ ಇಳಿಸಲ್ಲ."

ವರ್ಷವಿಡೀ ಒಂಟಿ ಗಂಬೂಟಿನಲ್ಲಿ ನಡೆದ, ಇಡೀ ಊರಿನ ಮುಲಾಮನ್ನು ಇಲ್ಲದ ಆಣಿಗಾಗಿ ಸ್ವೀಕರಿಸಿದ ಈ ಹೆಂಗಸಿನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಬಹಳ ಪ್ರಯತ್ನಿಸಿದೆ. ಆಗಲಿಲ್ಲ.

"ಆಗಲಿ, ನನ್ನ ಸೌದೆಕೊಟ್ಟಿಗೆಯ ಕೈಗೆ ಒತ್ತೆ ಏನು?" ಎಂದೆ ಕೊನೆಗೆ.

ಅವಳು ತಿರುಗಿ ನೋಡಿದಳು. "ಎಡಗಾಲಿಂದು ಆಗ್ಲೇ ತೂಗ್ತಾ ಇದೆ. ಬಲಗಾಲಿಂದೂ ಕಿತ್ಕೊಂಡ್ರೆ ಭಾನುವಾರ ಎರಡೂ ಗಂಬೂಟಲ್ಲಿ ಬರ್ತೀನಿ. ಆಗ ಯಾರೂ ಆಣಿ ಅಂತ ನಂಬಲ್ಲ, ಹುಚ್ಚು ಅಂತಾರೆ. ಬೇಕಾ ನಿಂಗೆ?"

ಅದೇ ಮೊದಲ ಬಾರಿಗೆ ಅವಳು ನನಗೆ "ನಿಂಗೆ" ಎಂದದ್ದು. ಅಂದಿನಿಂದ ನಮ್ಮಿಬ್ಬರ ನಡುವೆ ಬಹುವಚನ ಹೋಯಿತು.

ನವೆಂಬರ್ ಹನ್ನೊಂದರಂದು, ಅವಳು ಕೇಳಿಕೊಂಡಿದ್ದರಿಂದ, ನಾನೂ ಕೋಟೆಮನೆಯ ಅಡುಗೆಮನೆಯಲ್ಲಿ ಕೂತಿದ್ದೆ. ಮಧ್ಯಾಹ್ನದ ಬಸ್ಸಿನಲ್ಲಿ ದೊರೆಸಾನಿ ಅಡೆಲ್‌ಗುಂಡೆ ಬಂದಳು. ಆ ವಂಶದ ಕೊನೆಯ ಮಗಳು, ಎಂಬತ್ನಾಲ್ಕು ವರ್ಷ, ಹಕ್ಕಿಯಷ್ಟು ತೂಕ, ಕೈಯಲ್ಲೊಂದು ಊರುಗೋಲು. ಬಂದವಳೇ ಬೆಂಚಿನ ಮೇಲೆ ಕೂತು ಎಡಗಾಲಿನ ಶೂ ಬಿಚ್ಚತೊಡಗಿದಳು. ಒಡೆಯಳಾದರೂ ಅವಳಿಗೂ ಅದೇ ಕಟ್ಟಳೆ. ಸಣ್ಣ ಗಂಬೂಟು ಅವಳ ಅಳತೆಯದೇ.

"ಈ ಸಲ ಮೇಲೆ ಹತ್ತೋಕಾಗಲ್ಲ ಕಣೆ ಬುರ್ಗಾ. ಆದ್ರೂ ಶೂ ಬಿಚ್ಚದಿದ್ರೆ ಬಂದ ಹಾಗೇ ಅನ್ಸಲ್ಲ. ಎಲ್ಲಿ, ಕೀಲಿಕೈ ಕೊಡು."

ಬುರ್ಗಾ ಕೊಟ್ಟಳು. ಮುದುಕಿ ಅದನ್ನು ಅಂಗೈಯಲ್ಲಿ ತೂಗಿದಳು. ಹಲ್ಲುಗಳನ್ನು ಬೆರಳಿನಿಂದ ತಡವಿದಳು.

"ನಮ್ಮ ಕೀಲಿಕೈಗೆ ಕೊನೇ ಹಲ್ಲು ಮುರಿದಿತ್ತು" ಎಂದಳು. "ಮುರಿದೋಳು ನಾನೇ. ಅಕ್ರೋಟು ಒಡೆಯೋಕೆ ಹೋಗಿ. ಅಪ್ಪ ಕೈಗೆ ಬಾರಿಸಿದ್ರು. ಇದು ಯಾರದೇ?"

"ಶಾಲೆ ಸೌದೆಕೊಟ್ಟಿಗೆದು" ಎಂದಳು ಬುರ್ಗಾ. ಮುಖ ಸುಣ್ಣವಾಗಿತ್ತು. "ನಿಮ್ಮದು ಇಲ್ಲ ದೊರೆಸಾನಿ. ಕಾಲುವೆಗೆ ಬಿತ್ತು. ಬಿಟ್ಟೋಳು ನಾನೇ, ಬೇರೆ ಯಾರೂ ಅಲ್ಲ. ಹೋದ ವರ್ಷ. ಹುಲ್ಲುಗಾವಲು..."

ದೊರೆಸಾನಿಯ ದೃಷ್ಟಿ ಬುರ್ಗಾಳ ಗಂಬೂಟಿನಿಂದ ಮೊಳೆಯ ಕಡೆಗೆ ಹೋಯಿತು.

"ಆ ಟೋಪಿ ಹಿಂದೆ ಏನದು?"

"ಶೂ."

"ಯಾರದು?"

"ನಂದು."

"ಎಷ್ಟು ದಿನದಿಂದ ಇದೆ?"

"ಬಿದ್ದ ದಿನದಿಂದ."

ಮುದುಕಿ ಊರುಗೋಲಿನ ಮೇಲೆ ಎರಡೂ ಕೈ ಇಟ್ಟು, ಮುಂದಕ್ಕೆ ಬಾಗಿ ಆ ಶೂವನ್ನು ನೋಡಿದಳು. ಆಮೇಲೆ ಮುಖದಲ್ಲಿ ಒಂದು ತುಂಟತನ ಮೂಡಿತು. ಅಕ್ರೋಟಿಗಾಗಿ ಕೀಲಿಕೈಯ ಹಲ್ಲು ಮುರಿದ ಹುಡುಗಿ ಹೇಗಿದ್ದಿರಬಹುದೆಂದು ನನಗೆ ಆಗ ತಿಳಿಯಿತು.

"ನಂಗೆ ಏಳು ವರ್ಷ. ಅಪ್ಪನ ಜೊತೆ ಬಂದಿದ್ದೆ, ಇದೇ ಬೆಂಚಲ್ಲಿ ಕೂತಿದ್ದೆ. ನಿಮ್ಮ ತಾತ ಗೋಡೆ ಮೇಲಿನ ಟೋಪಿ ತೋರಿಸಿ ಗಡಗಡ ನಡುಗ್ತಿದ್ದ. ಅಪ್ಪ ಏನಂದ್ರು ಗೊತ್ತಾ?"

"ವೈನ್ ಕುಡಿದು ಹೋದ್ರಂತೆ."

"ಅದು ನಿಮ್ಮ ಮನೆಯೋರು ಹೇಳೋ ಕಥೆ. ಕುಡಿಯೋಕೆ ಮುಂಚೆ ಅಂದ್ರು: ಒತ್ತೆ ಮೊಳೆಯಲ್ಲಿದೆ, ಅಂದ್ಮೇಲೆ ಕೀಲಿಕೈ ಕಳೆದಿಲ್ಲ, ಹೊರಗೆ ಹೋಗಿದೆ ಅಷ್ಟೆ. ಬರುತ್ತೆ." ಅವಳು ಸೌದೆಕೊಟ್ಟಿಗೆಯ ಕೈಯನ್ನು ಮೇಜಿನ ಮೇಲಿಟ್ಟಳು. "ನಿನ್ನ ಶೂ ಮೊಳೆಯಲ್ಲಿ ಇರೋ ತನಕ ನಮ್ಮ ಕೀಲಿಕೈ ಹೊರಗೆ ಹೋಗಿದೆ. ಇಳಿಸಿದ ದಿನ ಕಳೆದುಹೋಯ್ತು ಅಂತ ಲೆಕ್ಕ. ತಿಳೀತಾ?"

ಆ ಟೋಪಿಯ ಕಥೆಯನ್ನು ಬುರ್ಗಾ ಸಾವಿರ ಬಾರಿ ಹೇಳಿದ್ದಳು. ಪ್ರತಿಸಲವೂ ವಿಯೆನ್ನಾದವನ ಜಂಬಕ್ಕೆ ನಗುವುದರಲ್ಲೇ ಕಥೆ ಮುಗಿಯುತ್ತಿತ್ತು. ಅದು ತನ್ನನ್ನೇ ಕಾಯುತ್ತಾ ಗೋಡೆಯ ಮೇಲೆ ತೂಗಿದೆಯೆಂದು ಅವಳಿಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ, ಓದಿದವನು ನಾನು.

"ಹಾಗಾದ್ರೆ ನಾನು ಸಾಯೋ ತನಕ ಗಂಬೂಟಾ?" ಎಂದಳು ಕೊನೆಗೆ.

"ಅದು ಕಾಲುವೇನ ಕೇಳು. ಈಗ ನಂಗೆ ವೈನ್ ಕೊಡ್ತೀಯಾ, ಇಲ್ಲ ಅದೂ ಹೊರಗೆ ಹೋಗಿದೆಯಾ?"

ಬುರ್ಗಾ ಅಳುತ್ತಾ ನಗುತ್ತಾ ನೆಲಮಾಳಿಗೆಗೆ ಇಳಿದಳು. ಅವಳು ಇಲ್ಲದಾಗ ದೊರೆಸಾನಿ ನನ್ನ ಕಡೆ ಬಾಗಿ, "ಮೇಷ್ಟ್ರೇ, ಪಾದ ಚೆನ್ನಾಗಿದೆಯಾ?" ಎಂದು ಮೆಲ್ಲಗೆ ಕೇಳಿದಳು. ಚೆನ್ನಾಗಿದೆ, ಮೀನೂ ಇದೆ ಎಂದೆ. "ಸರಿ, ಅವಳು ಕೇಳಿದ್ರೆ ನೋಡ್ದೆ ಅಂತ ಹೇಳ್ತೀನಿ. ಇಲ್ದಿದ್ರೆ ನನ್ನನ್ನೂ ಹತ್ತಿಸ್ತಾಳೆ."

ಏಳು ವರ್ಷದ ಬಳಿಕ, ತೊಂಬತ್ತೊಂದರ ವಯಸ್ಸಿನಲ್ಲಿ, ದೊರೆಸಾನಿ ಇನ್ನೊಮ್ಮೆ ಬಂದಳು. ಆಗ ಹಳೆಯ ಒಪ್ಪಂದದ ಕಾಗದದಲ್ಲಿ "ಕೀಲಿಕೈ" ಎಂದಿದ್ದ ಕಡೆ "ಅಥವಾ ಅದರ ಒತ್ತೆ" ಎಂದು ತನ್ನ ಕೈಯಾರೆ ಸೇರಿಸಿ ಸಹಿ ಹಾಕಿದಳು. ಸಾಕ್ಷಿಯಾಗಿ ನನ್ನ ಸಹಿಯೂ ಇದೆ. ಅವಳ ನಂತರ ಬಂದ ಸೋದರಳಿಯ ಆ ಕಾಗದವನ್ನು ಗೌರವಿಸಿಕೊಂಡು ಬಂದಿದ್ದಾನೆ. ಏಳು ವರ್ಷಕ್ಕೊಮ್ಮೆ ಬಂದು, ಶೂವನ್ನು ನೋಡಿ, ತನ್ನದನ್ನು ಬಿಚ್ಚುತ್ತಾನೆ.

ಬುರ್ಗಾಳಿಗೆ ಈಗ ಎಂಬತ್ತೆಂಟು. ಹಸುಗಳನ್ನು ತಮ್ಮನ ಮಗಳು ನೋಡಿಕೊಳ್ಳುತ್ತಾಳೆ. ಆಡುಗಳ ಜವಾಬ್ದಾರಿಯನ್ನು ಮಾತ್ರ ಇವಳು ಬಿಟ್ಟುಕೊಟ್ಟಿಲ್ಲ. ಪ್ಲಾನಾಚಿನ ಶಾಲೆ ಮುಚ್ಚಿ ಹದಿನಾಲ್ಕು ವರ್ಷವಾಯಿತು, ಸೌದೆಕೊಟ್ಟಿಗೆ ಇದ್ದ ಜಾಗದಲ್ಲಿ ಬಸ್ ತಂಗುದಾಣವಿದೆ, ಕೊಟ್ಟಿಗೆಯ ಕೀಲಿಕೈ ಇನ್ನೂ ಕೋಟೆಮನೆಯಲ್ಲೇ ಇದೆ. ನೋಡಬಂದವರಿಗೆ ಅದನ್ನೇ ಕೊಡುತ್ತಾಳೆ. ಎಡಕ್ಕೆ ಅಲ್ಲಾಡಿಸಿ, ಸಂತ ಮಾರ್ಟಿನನನ್ನು ನೆನೆದು, ಭುಜ ಕೊಟ್ಟು ತಳ್ಳಿರೆಂದು ಹೇಳುತ್ತಾಳೆ. ಊರಿಗೆಲ್ಲ ಗುಟ್ಟು ಗೊತ್ತು. ಯಾರೂ ಹೇಳುವುದಿಲ್ಲ. ಕೈಯಲ್ಲಿ ಕಬ್ಬಿಣದ ತೂಕವಿದ್ದರೆ ಹತ್ತುವವರ ನಡಿಗೆಯೇ ಬೇರೆ, ನಾನು ಕಂಡಿದ್ದೇನೆ.

ಪ್ರತಿ ಏಪ್ರಿಲ್‌ನಲ್ಲಿ, ಕಾಲುವೆಯ ಹೂಳೆತ್ತುವ ದಿನ, ಚಕ್ರದ ಕೆಳಗಿನ ತುಂಡಿನ ದಡದಲ್ಲಿ ಅವಳಿಗೊಂದು ಕುರ್ಚಿ ಹಾಕುತ್ತಾರೆ. ಎತ್ತಿದ ಹೂಳನ್ನು ಮೊದಲು ಅವಳ ಮುಂದೆ ಸುರಿಯಬೇಕು. ಅವಳು ಊರುಗೋಲಿನಿಂದ ಕೆದಕಿ ನೋಡಿ, "ಹೂಂ, ತಗೊಂಡ್ಹೋಗಿ" ಎನ್ನುತ್ತಾಳೆ.

ನಾನು ಶನಿವಾರಗಳಂದು ಅಲ್ಲಿಗೆ ಹೋಗುತ್ತೇನೆ. ಕಳೆದ ಶನಿವಾರ ಹೋದಾಗ ಅವಳು ಬಾಗಿಲ ಮುಂದಿನ ಬೆಂಚಿನ ಮೇಲೆ ಬಿಸಿಲಿಗೆ ಕೂತು, ತೊಡೆಯ ಮೇಲೆ ಯಾರದೋ ಎಡಗಾಲಿನ ಶೂ ಇಟ್ಟುಕೊಂಡು ಉಜ್ಜುತ್ತಿದ್ದಳು. ಈಚಿನ ವರ್ಷಗಳಲ್ಲಿ ಇದು ಅವಳ ಹೊಸ ಕೆಲಸ. ಕೋಟೆ ನೋಡಲು ಹೋದವರು ಇಳಿಯುವಷ್ಟರಲ್ಲಿ ಅವರ ಶೂವನ್ನು ಒರೆಸಿ, ಕಪಾಟಿನ ಆ ಮುಲಾಮಿನ ಡಬ್ಬಿಗಳಿಂದ ಚೂರು ಬಳಿದು, ಕನ್ನಡಿಯಂತೆ ಹೊಳೆಯಿಸುತ್ತಾಳೆ. ಈಗ ನಮ್ಮ ಊರಿನಿಂದ ಹೊರಡುವ ಪ್ರವಾಸಿಗರ ಒಂದು ಕಾಲು ಧೂಳು, ಇನ್ನೊಂದು ಕಾಲು ಮಿರಿಮಿರಿ.

"ಇದು ಯಾರದು?" ಎಂದೆ.

"ದಂಪತಿಗಳು. ಎರಡನೇ ಸಲ ಹತ್ತಿದಾರೆ. ಗಂಡನಿಗೆ ಪಾದ ಕಾಣ್ಲಿಲ್ವಂತೆ."

"ಆಣಿ ಹೇಗಿದೆ?"

"ಎದ್ದಿದೆ ಕಣೋ, ನಿಜವಾಗ್ಲೂ! ನಲವತ್ತು ವರ್ಷ ರಬ್ಬರಲ್ಲಿ ಕಾಲಿಟ್ರೆ ಇನ್ನೇನಾಗುತ್ತೆ? ಆಗ ಹೇಳಿದ್ದು ಸುಳ್ಳಾಗಬಾರ್ದಲ್ಲ."

ದಂಪತಿಗಳು ಇಳಿದು ಬಂದರು. ಮೀನಿನ ಬಾಯಿ ತೆರೆದಿದೆಯೋ ಮುಚ್ಚಿದೆಯೋ ಎಂದು ಗಂಡನನ್ನು ಕೇಳಿ, ಉತ್ತರ ಸರಿಬಂದ ಮೇಲೆ ಶೂ ಕೊಟ್ಟಳು. ಅವರು ಹೋದ ಮೇಲೆ ಒಳಗೆ ಹೋಗಿ, ಟೋಪಿಯ ಹಿಂದೆ ಕೈ ಹಾಕಿ, ತನ್ನ ಹಬ್ಬದ ಶೂವನ್ನು ಮೊಳೆಯಲ್ಲಿ ಇದ್ದ ಹಾಗೆಯೇ, ಇಳಿಸದೆ, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಮುಲಾಮು ಬಳಿಯತೊಡಗಿದಳು. ಇದು ಅವಳ ಶನಿವಾರದ ಕೆಲಸ. ಚರ್ಮ ಗಟ್ಟಿಯಾಗಿಬಿಟ್ಟರೆ ಕೀಲಿಕೈ ಬಂದ ದಿನ ಹಾಕಿಕೊಳ್ಳಲು ಆಗುವುದಿಲ್ಲ ನೋಡಿ.